ಬೀದರದ ನೆಲ ಮತ್ತು ನಿಸರ್ಗಚಿತ್ರಕಾರನ ಕಣ್ಣು

1

ಜಾನಪದ ಪದಸಂಗ್ರಹದ ಕ್ಷೇತ್ರಕಾರ್ಯಕ್ಕೆಂದು ಔರಾದ ತಾಲ್ಲೂಕಿನ ಹಳ್ಳಿಯೊಂದರ ಶಾಲೆಗೆ ಹೋಗಿದ್ದಾಗ, ತರಗತಿಯ ಗೋಡೆಗೆ ಅಂಟಿಸಿದ್ದ ಮಕ್ಕಳ ಚಿತ್ರಗಳನ್ನು ನೋಡುವ ಅವಕಾಶ ಒದಗಿತು. ಎಲ್ಲ ಚಿತ್ರಗಳ ಕೆಳಗೂ 'ನಿಸರ್ಗ ದೃಶ್ಯ' ಎಂಬ ಶೀರ್ಷಿಕೆಯಿತ್ತು. ತ್ರಿಕೋನಾಕಾರದ ಎರಡು ಬೆಟ್ಟ, ಅವುಗಳ ನಡುವೆ ಮೂಡುತ್ತಿರುವ ಸೂರ್ಯ, ಬೆಟ್ಟದ ಬುಡದಿಂದ ಬಳಸುತ್ತ ಇಳಿದುಬರುವ ನೀಲಿ ಹೊಳೆ, ದಡದಲ್ಲಿ ಬಾಗಿದ ತೆಂಗಿನ ಮರ, ಪಕ್ಕದಲ್ಲಿ ಒಂದು ಗುಡಿಸಲು. ಹದಿನೈದು ಇಪ್ಪತ್ತು ಮಕ್ಕಳು ಬರೆದ ಚಿತ್ರಗಳಾದರೂ ನೋಟ ಒಂದೇ. ಅದೇ ಕೋಣೆಯ ಕಿಟಕಿಯ ಹೊರಗೆ ತೊಗರಿ ಹೂಬಿಟ್ಟ ಎರೆಹೊಲ ಕಣ್ಣು ಹಾಯುವಷ್ಟು ದೂರ ಹರಡಿತ್ತು. ಅಂಚಿನಲ್ಲಿ ಎರಡು ಜಾಲಿಯ ಮರಗಳು. ಅದರಾಚೆ ಆಕಾಶವಲ್ಲದೆ ಬೇರೇನೂ ಇರಲಿಲ್ಲ. ಇಲ್ಲಿ ತ್ರಿಕೋನದ ಬೆಟ್ಟವೂ ಇಲ್ಲ, ತೆಂಗಿನ ಸಾಲೂ ಇಲ್ಲ ಎಂದು ಮೆಲ್ಲಗೆ ಕೇಳಿದಾಗ, ಒಬ್ಬ ಹುಡುಗ ಸಂಕೋಚವಿಲ್ಲದೆ, 'ಇದು ಹೊಲ ಅದರಿ ಸರ್, ನಿಸರ್ಗ ಅಲ್ಲ' ಎಂದ.

ಈ ಮಾತು ಆ ಬಾಲಕನದಷ್ಟೇ ಅಲ್ಲವೆಂಬುದೇ ಈ ಲೇಖನಕ್ಕೆ ಪ್ರೇರಣೆ. ನಿಸರ್ಗವೆಂದರೆ ತಾನು ನಿಂತ ನೆಲದಲ್ಲಿ ಇಲ್ಲದಿರುವುದು, ಅದನ್ನು ಕಾಣಲು ಬೇರೆಡೆಗೆ ಹೋಗಬೇಕು ಎಂಬ ನಂಬಿಕೆ ನಮ್ಮ ಶಾಲೆಯ ಚಿತ್ರಕಲಾ ಪಾಠದಲ್ಲಿಯೂ ಸಾಹಿತ್ಯಾಭಿರುಚಿಯಲ್ಲಿಯೂ ಸಮಾನವಾಗಿ ನೆಲೆಗೊಂಡಿದೆ. ನಿಸರ್ಗಚಿತ್ರಕಾರನಿಗೆ ಪ್ರಕೃತಿ ಮತ್ತು ಪ್ರವಾಸಗಳಿಂದ ಸ್ಫೂರ್ತಿ ದೊರೆಯುತ್ತದೆ ಎನ್ನುವುದು ಎಲ್ಲರೂ ಒಪ್ಪುವ ಮಾತು. ಆದರೆ ಯಾವ ಪ್ರಕೃತಿ, ಎಂತಹ ಪ್ರವಾಸ ಎಂಬ ಪ್ರಶ್ನೆಯನ್ನು ಬೀದರದಂತಹ ಗಡಿಜಿಲ್ಲೆಯಲ್ಲಿ ನಿಂತು ಕೇಳಿದಾಗ ಆ ಮಾತು ಅಷ್ಟು ಸರಳವಾಗಿ ಉಳಿಯುವುದಿಲ್ಲ. ಬೀದರ, ಭಾಲ್ಕಿ, ಔರಾದಗಳ ಬಯಲು ನಿಸರ್ಗಚಿತ್ರಕ್ಕೆ ಸಮರ್ಥ ವಸ್ತುವೆಂದೂ, ಅದನ್ನು ಕಾಣಲು ಬೇಕಾದುದು ದೂರದ ಪ್ರವಾಸಕ್ಕಿಂತ ಅದೇ ದಾರಿಯಲ್ಲಿ ಮತ್ತೆ ಮತ್ತೆ ಮಾಡುವ ಸಣ್ಣ ಪ್ರಯಾಣವೆಂದೂ ಪ್ರತಿಪಾದಿಸುವುದು ಇಲ್ಲಿನ ಆಶಯ.

2

ಮೊದಲಿಗೆ ನಮ್ಮ ಅಭಿರುಚಿ ರೂಪುಗೊಂಡ ಬಗೆಯನ್ನು ಗಮನಿಸಬಹುದು. ಪ್ರಾಚೀನ ಕಾವ್ಯಮೀಮಾಂಸೆ ಮಹಾಕಾವ್ಯಕ್ಕೆ ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರ, ಪರ್ವತ, ನಗರ, ಋತು, ಸೂರ್ಯೋದಯ, ಚಂದ್ರೋದಯಗಳಿವೆ; ಉತ್ತ ಹೊಲಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಹಾಗೆಂದು ನಮ್ಮ ಕವಿಗಳು ಹೊಲವನ್ನು ಕಾಣಲಿಲ್ಲವೆಂದು ಅರ್ಥವಲ್ಲ; ವರ್ಣನೆಗೆ ಅರ್ಹವಾದುದರ ಪಟ್ಟಿಯೊಂದು ಮೊದಲೇ ಸಿದ್ಧವಾಗಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ಆಧುನಿಕ ಕಾಲದಲ್ಲಿ ಕುವೆಂಪು ಅವರ ಪ್ರತಿಭೆಯಿಂದಾಗಿ ಮಲೆನಾಡು ಕನ್ನಡದ ಪ್ರಕೃತಿಕಲ್ಪನೆಯ ಕೇಂದ್ರಕ್ಕೆ ಬಂದಿತು. ಅದು ಕನ್ನಡದ ಭಾಗ್ಯವೇ ಸರಿ. ಆದರೆ ಕುವೆಂಪು ತಮ್ಮ ಮನೆಯ ಸುತ್ತಲಿನ ಕಾಡನ್ನು ಬರೆದರೆಂಬುದನ್ನು ಮರೆತ ನಾವು, ಕಾಡನ್ನು ಬರೆದರೆಂಬುದನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡೆವು. ಪರಿಣಾಮವಾಗಿ ಪ್ರಕೃತಿ ಎಂಬ ಪದಕ್ಕೆ ಹಸಿರು, ಮಂಜು, ಜಲಪಾತಗಳೇ ಅರ್ಥವಾದವು.

ಇದರ ಜೊತೆಗೆ ಆಡಳಿತದ ಭಾಷೆಯೂ ಸೇರಿಕೊಂಡಿತು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯು ತಾಲ್ಲೂಕುಗಳನ್ನು ಹಿಂದುಳಿದಿರುವಿಕೆಯ ಪ್ರಮಾಣಕ್ಕನುಗುಣವಾಗಿ ವರ್ಗೀಕರಿಸಿತು. ಆ ವರದಿಯ ಮಹತ್ವ, ಮುಂದೆ ಸಂವಿಧಾನದ 371ಜೆ ವಿಧಿ ರೂಪುಗೊಳ್ಳುವುದಕ್ಕೆ ನಡೆದ ಹೋರಾಟದ ನ್ಯಾಯ ಇವು ಪ್ರಶ್ನಾತೀತ. ಆದರೆ ಸೌಲಭ್ಯದ ಕೊರತೆಯನ್ನು ಸೂಚಿಸಲು ಬಳಸಿದ 'ಹಿಂದುಳಿದ ಪ್ರದೇಶ' ಎಂಬ ಪದ ಕ್ರಮೇಣ ನೆಲದ ಗುಣವನ್ನೇ ಸೂಚಿಸತೊಡಗಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವೆಂದು ಹೆಸರು ಬದಲಿಸಿಕೊಂಡರೂ, ಇಲ್ಲಿನ ನೆಲವೆಂದರೆ ಬರಡು, ಬಿಸಿಲು, ಧೂಳು ಎಂಬ ನೋಟ ಬದಲಾಗಲಿಲ್ಲ. ಹೊರಗಿನವರು ಹಾಗೆ ನೋಡಿದರೆ ಬೇಸರಪಡಬಹುದು. ಇಲ್ಲಿಯವರೇ ಹಾಗೆ ನೋಡತೊಡಗಿದರೆ ಅದು ಚಿಂತೆಯ ವಿಷಯ.

ಬೀದರದ ಕಲಾಪರಂಪರೆಯಲ್ಲಿಯೂ ಈ ದ್ವಂದ್ವದ ಎರಡು ಮುಖಗಳು ಸಿಗುತ್ತವೆ. ಬಹಮನಿ ದೊರೆ ಅಹಮದ್ ಶಾಹನು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. ಅಷ್ಟೂರಿನಲ್ಲಿರುವ ಅವನ ಸಮಾಧಿಯ ಒಳಗೋಡೆ, ಗುಮ್ಮಟಗಳು ಬಳ್ಳಿ, ಹೂವು, ಅಕ್ಷರವಿನ್ಯಾಸಗಳಿಂದ ತುಂಬಿವೆ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಮುಂಭಾಗದಲ್ಲಿ ನೀಲಿ, ಹಳದಿ, ಬಿಳಿ ಹೊಳಪಿನ ಹೆಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಇವುಗಳ ಹಿಂದೆ ಇರುವುದು ಇರಾನಿನ ಕಲೆಯ ಪ್ರಭಾವ. ದೂರ ಪ್ರಯಾಣಿಸಿ ಬಂದ ಆ ಕಲೆ ತನ್ನ ಉದ್ಯಾನವನ್ನು ಇಲ್ಲಿನ ಗೋಡೆಗೆ ತಂದಿತು. ಗೋಡೆಯ ಹೊರಗಿನ ಬಯಲನ್ನು ಚಿತ್ರವಾಗಿ ಒಳಗೆ ಕರೆಯಲಿಲ್ಲ.

ಬಿದರಿ ಕಲೆಯ ಕಥೆ ಬೇರೆ. ಅದರ ಮೂಲವೂ ಹೊರಗಿನಿಂದ ಬಂದುದೇ ಎನ್ನಲಾಗುತ್ತದೆ. ಆದರೆ ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿದ ಮೇಲೆ, ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಯಾವ ಮಣ್ಣು ಈ ಕೆಲಸಕ್ಕೆ ಒದಗುತ್ತದೆ ಎಂಬುದನ್ನು ಕುಶಲಕರ್ಮಿಗಳು ತಲೆಮಾರುಗಳಿಂದ ನಾಲಿಗೆಯ ಮೇಲಿಟ್ಟು ರುಚಿ ನೋಡಿ ತಿಳಿಯುತ್ತಾರೆ. ಹೂಬಳ್ಳಿಯ ವಿನ್ಯಾಸ ಎಲ್ಲಿಂದಲೇ ಬಂದಿರಲಿ, ಅದರ ಹಿನ್ನೆಲೆಯ ಕಪ್ಪು ಈ ನೆಲದ್ದು. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಗೌರವದಲ್ಲಿ ಮಣ್ಣಿನ ರುಚಿ ಬಲ್ಲ ನಾಲಿಗೆಗೂ ಪಾಲಿದೆ. ನಮ್ಮ ನಿಸರ್ಗಚಿತ್ರಕಾರನಿಗೆ ಬೇಕಾಗಿರುವುದು ಇಂತಹ ಪರಿಚಯ.

3

ಕರ್ನಾಟಕದ ನಿಸರ್ಗಚಿತ್ರ ಪರಂಪರೆಯ ಇಬ್ಬರು ಹಿರಿಯರನ್ನು ಇಲ್ಲಿ ನೆನೆಯುವುದು ಉಚಿತ. ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಜನಿಸಿದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಬಂಗಾಳ ಶೈಲಿಯ ಪುರಾಣವಸ್ತುಗಳಲ್ಲಿ ಪಳಗಿದ ಅವರು ಮೈಸೂರಿಗೆ ಮರಳಿದ ಬಳಿಕ, 1920ರ ದಶಕದ ಉತ್ತರಾರ್ಧದಿಂದ ಉದಕಮಂಡಲ, ಕೊಡೈಕನಾಲ್‌ಗಳ ಜಲವರ್ಣಚಿತ್ರಗಳನ್ನು ರಚಿಸಿದರು. ಮೇಲ್ನೋಟಕ್ಕೆ ಇದು ಸುಂದರ ತಾಣಕ್ಕೆ ಹೋದ ಚಿತ್ರಕಾರನ ಪ್ರವಾಸ. ಆದರೆ ಆ ಚಿತ್ರಗಳನ್ನು ಗಮನವಿಟ್ಟು ನೋಡಿದಾಗ ಅವರ ಆಸಕ್ತಿ ತಾಣದ ಚೆಲುವಿಗಿಂತ ಬೆಳಕು, ಮೋಡ, ಮಂಜುಗಳ ಗಳಿಗೆಗಳಿಗೆ ಸಂಬಂಧಿಸಿದ್ದೆಂದು ತಿಳಿಯುತ್ತದೆ. ಒಂದೇ ಗುಡ್ಡ ಬೆಳಗಿನಲ್ಲಿ ಒಂದು, ಮಳೆ ಬರುವ ಮುನ್ನ ಮತ್ತೊಂದು. ಪ್ರವಾಸಿಯ ಅವಸರದ ಕಣ್ಣಿಗೆ ಇಂತಹ ವ್ಯತ್ಯಾಸಗಳು ಒದಗುವುದಿಲ್ಲ. ತಂಗಿ, ಕಾದು, ಮತ್ತೆ ನೋಡುವವನಿಗೆ ಮಾತ್ರ ಒದಗುತ್ತವೆ.

1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದ ರುಮಾಲೆ ಚೆನ್ನಬಸವಯ್ಯನವರ ಬದುಕು ಇನ್ನೊಂದು ಬಗೆಯದು. ಸ್ವಾತಂತ್ರ್ಯ ಹೋರಾಟ, ಪತ್ರಿಕೋದ್ಯಮ, ಶಾಸನಸಭೆಗಳಲ್ಲಿ ದಶಕಗಳನ್ನು ಕಳೆದು, 1960ರ ದಶಕದಲ್ಲಿ ಅವರು ಕುಂಚಕ್ಕೆ ಮರಳಿದರು. 1988ರಲ್ಲಿ ತೀರಿಕೊಳ್ಳುವವರೆಗೂ ಅವರು ಬಿಡದೆ ಹಿಡಿದ ವಸ್ತುಗಳಲ್ಲಿ ಬೆಂಗಳೂರಿನ ಹೂಬಿಟ್ಟ ಮರಗಳೂ ಒಂದು. ನಿತ್ಯ ಓಡಾಡುವ ಊರಿನ ರಸ್ತೆಬದಿಯ ಗುಲ್‌ಮೊಹರ್ ಮರವನ್ನು ನಿಸರ್ಗವೆಂದು ಕಾಣಲು ಅವರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಇಂದು ಬೆಂಗಳೂರಿನ ಆ ಬೀದಿಗಳು ಬದಲಾಗಿರುವಾಗ ಅವರ ಚಿತ್ರಗಳು ಒಂದು ನಗರದ ಸ್ಮೃತಿಯಾಗಿ ಉಳಿದಿವೆ.

ನಮ್ಮ ಭಾಗದ ಬಹುಖ್ಯಾತ ಚಿತ್ರಕಾರರೆಂದರೆ ಕಲಬುರಗಿಯಲ್ಲಿ 1916ರಲ್ಲಿ ಜನಿಸಿದ ಎಸ್.ಎಂ. ಪಂಡಿತರು. ಮುಂಬಯಿಯಲ್ಲಿ ನೆಲೆಸಿ ಪುರಾಣಪಾತ್ರಗಳ ಕ್ಯಾಲೆಂಡರ್ ಚಿತ್ರಗಳ ಮೂಲಕ ಅವರು ದೇಶದ ಮನೆಮನೆಯ ಗೋಡೆಗೂ ತಲುಪಿದರು. ಅವರ ಕೀರ್ತಿ ನಿಂತಿರುವುದು ಮನುಷ್ಯಾಕೃತಿಯ ಮೇಲೆ. ನೆಲ ಅಲ್ಲಿ ಹಿನ್ನೆಲೆ ಮಾತ್ರ. ಇದು ದೋಷವಲ್ಲ, ಅವರು ಆಯ್ದುಕೊಂಡ ಪ್ರಕಾರದ ಸ್ವರೂಪ. ಆದರೆ ಈ ಹಿನ್ನೆಲೆಯನ್ನು ಮುನ್ನೆಲೆಗೆ ತರುವ ಕೆಲಸ ಬಾಕಿಯಿದೆ. ಬೀದರವನ್ನು ಚಿತ್ರಿಸಬಯಸುವವರ ಕುಂಚ ಸಾಮಾನ್ಯವಾಗಿ ಕೋಟೆಯ ಬಾಗಿಲು, ಅಷ್ಟೂರಿನ ಗುಂಬಜಗಳು, ಮದರಸಾದ ಉಳಿದೊಂದು ಮಿನಾರಿನ ಕಡೆಗೇ ಹರಿಯುತ್ತದೆ. ಸ್ಮಾರಕಗಳು ನಿಂತ ನೆಲ ಚಿತ್ರದ ಕೆಳಗಿನ ಪಟ್ಟಿಯಲ್ಲಿ ಕಂದು ಬಣ್ಣದ ಎರಡು ಗೀರುಗಳಾಗಿ ಮುಗಿದುಹೋಗುತ್ತದೆ.

4

ಆ ನೆಲವಾದರೂ ಎಂತಹದು? ಬೀದರ ನಗರ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ದಖನ್ನಿನ ಕಪ್ಪು ಬಸಾಲ್ಟ್ ಶಿಲೆ ದೀರ್ಘಕಾಲದ ಮಳೆ ಬಿಸಿಲುಗಳಿಗೆ ಸವೆದು, ಕಬ್ಬಿಣದ ಅಂಶ ಉಳಿದು ಕೆಂಪಾದ ಕಲ್ಲು ಇದು. ಭೂವಿಜ್ಞಾನಾಸಕ್ತನಾಗಿದ್ದ ಬ್ರಿಟಿಷ್ ಸೇನಾಧಿಕಾರಿ ನ್ಯೂಬೋಲ್ಡ್ 1840ರ ದಶಕದಲ್ಲಿಯೇ ಬೀದರದ ಈ ಶಿಲೆಯ ಬಗ್ಗೆ ಬರೆದಿದ್ದನು. ಗುಲಾಮ್ ಯಾಜ್ದಾನಿ ಅವರು 1947ರಲ್ಲಿ ಪ್ರಕಟಿಸಿದ ಗ್ರಂಥ ಇಲ್ಲಿನ ಕಟ್ಟಡಗಳನ್ನು ಸಮಗ್ರವಾಗಿ ದಾಖಲಿಸಿತು. ಭೂವಿಜ್ಞಾನಿಗೂ ಪುರಾತತ್ವಜ್ಞನಿಗೂ ಕಂಡ ಬೀದರ ನಮ್ಮ ಚಿತ್ರಕಲಾ ಚರ್ಚೆಗೆ ಮಾತ್ರ ಇನ್ನೂ ಸರಿಯಾಗಿ ಕಂಡಿಲ್ಲ.

ಕೋಟೆಯ ಬುರುಜಿನ ಮೇಲೆ ನಿಂತರೆ ಈ ನೆಲದ ರಚನೆ ಸ್ಪಷ್ಟವಾಗುತ್ತದೆ. ಕಾಲ ಕೆಳಗೆ ಕೆಂಪು ಕಲ್ಲನ್ನೇ ಕಡಿದು ಮಾಡಿದ ಕಂದಕ. ಅದರಾಚೆ ಪ್ರಸ್ಥಭೂಮಿ ಥಟ್ಟನೆ ಕುಸಿದು ಮಾಂಜ್ರಾ ಕಣಿವೆಯ ಕಪ್ಪುನೆಲ ಆರಂಭವಾಗುತ್ತದೆ. ಕೆಂಪು ಕಪ್ಪಿಗೆ ದಾರಿ ಬಿಡುವ ಈ ಗಡಿ ವರ್ಣಚಿತ್ರಕಾರನಿಗೆ ದೊರೆತ ಅಪೂರ್ವ ಅವಕಾಶ. ನೌಬಾದಿನ ಕಡೆ ಹೋದರೆ, ಬಹಮನಿ ಕಾಲದ ಕರೇಜ್ ಎಂಬ ನೆಲದಡಿಯ ಕಾಲುವೆಯ ಗಾಳಿಬಾವಿಗಳು ಕೆಂಪು ಮಡ್ಡಿಯ ಮೇಲೆ ಸಾಲಾಗಿ ಬಾಯ್ತೆರೆದಿವೆ. ನೀರು ಕಾಣದಿದ್ದರೂ ಅದು ಹರಿಯುವ ದಾರಿಯನ್ನು ಆ ಸಾಲು ಹೇಳುತ್ತದೆ. ಹೊಳೆಯನ್ನು ನೀಲಿ ಬಣ್ಣವಿಲ್ಲದೆ ಚಿತ್ರಿಸಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಅಲ್ಲಿಂದ ಭಾಲ್ಕಿಯ ದಾರಿ ಹಿಡಿದರೆ ನೆಲ ಕಪ್ಪಾಗುತ್ತ ಹೋಗುತ್ತದೆ. ಮುಂಗಾರಿನಲ್ಲಿ ಉದ್ದು, ಹೆಸರು, ಸೋಯಾಬೀನ್‌ಗಳ ತಗ್ಗಾದ ಹಸಿರು. ಮಳೆಗಾಲ ಮುಗಿಯುವ ಹೊತ್ತಿಗೆ ತೊಗರಿಯ ಹಳದಿ. ಚಳಿಗಾಲದಲ್ಲಿ ಬಿಳಿಜೋಳದ ತೆನೆ ಮತ್ತು ನಡುನಡುವೆ ಕುಸುಬೆಯ ಕಿತ್ತಳೆ ಹೂ. ಬೇಸಿಗೆಯಲ್ಲಿ ಬಿರುಕುಬಿಟ್ಟ ಬರಿಯ ಎರೆ. ಬ್ಯಾಲಹಳ್ಳಿಯ ಬಳಿ ಕಾರಂಜಾ ಜಲಾಶಯದ ನೀರು ಬೇಸಿಗೆಯಲ್ಲಿ ಹಿಂದೆ ಸರಿದಾಗ, ಒದ್ದೆ ಮಣ್ಣು ಒಣಗುತ್ತ ಪಟ್ಟೆಪಟ್ಟೆಯಾಗಿ ಬಣ್ಣ ಬದಲಿಸುತ್ತದೆ. ಔರಾದ ನಾಡಿನ ಉತ್ತರದ ತುದಿ. ಮಹಾರಾಷ್ಟ್ರದ ಬಾಲಾಘಾಟದಲ್ಲಿ ಹುಟ್ಟಿದ ಮಾಂಜ್ರಾ ಈ ತಾಲ್ಲೂಕುಗಳನ್ನು ಹಾದು ತೆಲಂಗಾಣಕ್ಕೆ ಹೋಗಿ ಗೋದಾವರಿಯನ್ನು ಸೇರುತ್ತದೆ. ಮೂರು ರಾಜ್ಯಗಳ ಗಡಿ ಕೂಡುವ ಇಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ನೆಲ ಮಾತ್ರ ಗಡಿಯ ಈಚೆಗೂ ಆಚೆಗೂ ಒಂದೇ.

ಈ ನೆಲವನ್ನು ಚಿತ್ರಿಸುವಾಗ ಎದುರಾಗುವ ತೊಡಕು ಕಣ್ಣು ನಿಲ್ಲಿಸುವ ಬೆಟ್ಟವಿಲ್ಲದಿರುವುದು. ಸಮತಟ್ಟಾದ ಭೂಮಿಯ ಮೇಲೆ ಆಕಾಶವೇ ಚಿತ್ರದ ಬಹುಭಾಗವನ್ನು ಆಕ್ರಮಿಸುತ್ತದೆ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರರು ಇದೇ ತೊಡಕನ್ನು ಎದುರಿಸಿದ್ದರು. ಯಾಕೊಬ್ ಫಾನ್ ರೊಯ್ಸ್‌ಡಾಲ್ ತನ್ನ ಊರಾದ ಹಾರ್ಲೆಮ್‌ನ ಚಿತ್ರಗಳಲ್ಲಿ ದಿಗಂತವನ್ನು ಕೆಳಕ್ಕಿಳಿಸಿ, ಮೋಡಗಳಿಗೆ ಮೂರರಲ್ಲಿ ಎರಡು ಪಾಲು ಜಾಗ ಬಿಟ್ಟುಕೊಟ್ಟನು. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ನಿಂತು ಮೋಡಗಳನ್ನೇ ಅಭ್ಯಾಸಚಿತ್ರಗಳಾಗಿ ಬರೆದು, ದಿನ, ಹೊತ್ತು, ಗಾಳಿಯ ದಿಕ್ಕುಗಳನ್ನು ಹಿಂಬದಿಯಲ್ಲಿ ಗುರುತಿಸಿದನು. ಅವನು ಜೀವನದಲ್ಲಿ ಇಂಗ್ಲೆಂಡನ್ನು ಬಿಟ್ಟು ಹೊರಗೆ ಹೋದವನಲ್ಲ.

ನಮಗೆ ಹಾರ್ಲೆಮ್ ಬೇಕಿಲ್ಲ. ನಮ್ಮಲ್ಲಿಯೇ ಒಂದು ಪದವಿದೆ. ಇದೇ ಜಿಲ್ಲೆಯ ಕಲ್ಯಾಣದಲ್ಲಿ ನೆರೆದ ಹನ್ನೆರಡನೆಯ ಶತಮಾನದ ಶರಣರು 'ಬಯಲು' ಎಂಬ ಪದಕ್ಕೆ ಪರಮವಾದ ಅರ್ಥವನ್ನು ಕೊಟ್ಟರು. ಅಲ್ಲಮಪ್ರಭುವಿನ ಸಂದರ್ಭದಲ್ಲಿ ಈ ಪದದ ತಾತ್ವಿಕ ಅರ್ಥವನ್ನು ಕುರಿತು ಸಾಕಷ್ಟು ವಿದ್ವತ್ಪೂರ್ಣ ಚರ್ಚೆ ನಡೆದಿದೆ. ಆದರೆ ಕನ್ನಡದಲ್ಲಿ ಬಯಲೆಂದರೆ ಮೊದಲು ಕಣ್ಣೆದುರಿನ ತೆರೆದ ನೆಲ. ಶೂನ್ಯವೆಂಬ ಅರ್ಥ ಆಮೇಲಿನದು. ಇಲ್ಲದಿರುವಿಕೆಯನ್ನು ಕೊರತೆಯೆಂದು ಕಾಣದೆ ತುಂಬಿದುದೆಂದು ಕಾಣುವ ಆ ದೃಷ್ಟಿಯನ್ನು ಚಿತ್ರಕಾರನೂ ತನ್ನದಾಗಿಸಿಕೊಳ್ಳಬಹುದೆಂದು ನನಗೆ ತೋರುತ್ತದೆ. ಬೆಟ್ಟವಿಲ್ಲ, ಕಾಡಿಲ್ಲ ಎಂದು ಎಣಿಸುವ ಕಣ್ಣು ಆಡಳಿತದ್ದು. ಬಯಲಿದೆ ಎಂದು ನೋಡುವ ಕಣ್ಣು ಕಲ್ಯಾಣದ್ದು.

5

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ನಿಸರ್ಗಚಿತ್ರವೆಂಬ ಪ್ರಕಾರವೇ ವಸಾಹತುಶಾಹಿ ಕಲಾಶಾಲೆಗಳ ಕೊಡುಗೆ, ಅದನ್ನು ದೇಸಿ ನೆಲೆಯಿಂದ ಸಮರ್ಥಿಸುವುದು ಹೇಗೆ ಎಂಬುದು ಮೊದಲನೆಯದು. ಕಾದಂಬರಿಯೂ ಹಾಗೆಯೇ ಬಂದ ಪ್ರಕಾರ. ಅದು ಕನ್ನಡದ್ದಾದುದು ಕನ್ನಡದ ಬದುಕನ್ನು ಒಳಗೊಂಡಾಗ. ಪ್ರಕಾರದ ಮೂಲಕ್ಕಿಂತ ನೋಟದ ನೆಲೆ ಮುಖ್ಯ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಔರಾದ, ಭಾಲ್ಕಿಗಳಿಂದ ಜನ ಕೆಲಸ ಅರಸಿ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತಾರೆ. ಅವರ ಪಾಲಿಗೆ ಪ್ರಯಾಣ ಸ್ಫೂರ್ತಿಯಲ್ಲ, ಅನಿವಾರ್ಯತೆ. ಮಳೆ ಕೈಕೊಟ್ಟ ಹೊಲದ ಬಿರುಕಿನಲ್ಲಿ ಬಣ್ಣ ಹುಡುಕುವುದು ನಿಷ್ಕರುಣೆಯಾಗದೇ? ನೆಲವನ್ನು ಬಲ್ಲವರ ಕಷ್ಟವನ್ನು ಮರೆಸುವ ಚಿತ್ರ ಖಂಡಿತ ನಿಷ್ಕರುಣೆಯೇ. ಆದರೆ ಕಷ್ಟದ ನೆಲಕ್ಕೆ ನೋಡುವ ಯೋಗ್ಯತೆಯೇ ಇಲ್ಲವೆಂದು ಸುಮ್ಮನಿರುವುದು ಇನ್ನೂ ದೊಡ್ಡ ಅನ್ಯಾಯ. ತನ್ನ ಹೊಲ ನಿಸರ್ಗವಲ್ಲವೆಂದು ಕಲಿತ ಬಾಲಕನಿಗೆ ನಾಳೆ ಅದನ್ನು ಬಿಟ್ಟುಹೋಗುವಾಗ ಬಿಟ್ಟದ್ದೇನು ಎಂಬುದೂ ತಿಳಿಯಲಾರದು.

ಅಲ್ಲದೆ, ನೆಲವನ್ನು ನೋಡುವುದಕ್ಕೆಂದೇ ಪ್ರಯಾಣ ಮಾಡುವ ಸಂಪ್ರದಾಯ ಈ ಭಾಗದ ರೈತಾಪಿ ಜನರಲ್ಲಿಯೇ ಇದೆ. ಎಳ್ಳ ಅಮಾವಾಸ್ಯೆಯ ದಿನ ಪಟ್ಟಣ ಸೇರಿದವರೂ ಊರಿಗೆ ಮರಳುತ್ತಾರೆ. ಬುತ್ತಿ ಕಟ್ಟಿಕೊಂಡು, ನೆಂಟರಿಷ್ಟರನ್ನು ಕರೆದುಕೊಂಡು ಹೊಲಕ್ಕೆ ಹೋಗುತ್ತಾರೆ. ಪಾಂಡವರೆಂದು ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಬೆಳೆಯ ನಡುವೆ ನಡೆಯುತ್ತ ಚರಗ ಚೆಲ್ಲಿ, ಭಜ್ಜಿ, ಸಜ್ಜೆಯ ರೊಟ್ಟಿಗಳ ಊಟ ಮಾಡಿ, ಸಂಜೆಯವರೆಗೆ ಅಲ್ಲಿಯೇ ಕಾಲ ಕಳೆಯುತ್ತಾರೆ. ಗಡಿಯಾಚೆಯ ಲಾತೂರಿನ ಕಡೆ ಇದೇ ಹಬ್ಬ ವೇಳ ಅಮಾವಾಸ್ಯೆ. ಫಲವತಿಯಾದ ಭೂಮಿಯನ್ನು ಗರ್ಭಿಣಿಯೆಂದು ಭಾವಿಸಿ ಉಡಿ ತುಂಬುವ ಈ ಆಚರಣೆಯಲ್ಲಿ ಶ್ರಮ ಮತ್ತು ನೋಟ ಬೇರೆಬೇರೆಯಾಗಿಲ್ಲ. ಚಿತ್ರಕಾರನ ಪ್ರವಾಸಕ್ಕೆ ನಮ್ಮಲ್ಲಿ ಮಾದರಿ ಬೇಕಾದರೆ ಅದು ಗಿರಿಧಾಮದ ವಿಹಾರಕ್ಕಿಂತ ಎಳ್ಳ ಅಮಾವಾಸ್ಯೆಯ ಈ ನಡಿಗೆಯಾಗುವುದು ಸೂಕ್ತ.

6

ಕನ್ನಡ ವಿಭಾಗಗಳಿಗೂ ಇದರಲ್ಲಿ ಪಾತ್ರವಿದೆ. ಎರೆ, ಮಸಾರಿ, ಮಡ್ಡಿ ಎಂದು ನೆಲವನ್ನು ಹೆಸರಿಸುವ ಜನ ಬೆಳಕಿಗೆ, ಮೋಡಕ್ಕೆ, ಗಾಳಿಗೆ, ಹೊತ್ತಿಗೆ ಎಷ್ಟು ಹೆಸರುಗಳನ್ನಿಟ್ಟಿದ್ದಾರೆ ಎಂಬುದನ್ನು ಬೀದರ, ಭಾಲ್ಕಿ, ಔರಾದಗಳ ಆಡುಮಾತಿನಿಂದ ಸಂಗ್ರಹಿಸುವ ಕೆಲಸ ಭಾಷಾಧ್ಯಯನದ ವ್ಯಾಪ್ತಿಗೇ ಸೇರಿದ್ದು. ಹೆಸರಿರುವ ಬಣ್ಣವನ್ನು ಕಣ್ಣು ಬೇಗ ಗುರುತಿಸುತ್ತದೆ. ಕಲಾವಿದ್ಯಾರ್ಥಿಗಳು ಒಂದು ವರ್ಷದ ಕಾಲ, ತಿಂಗಳಿಗೊಮ್ಮೆಯಾದರೂ, ಈ ಮೂರು ಊರುಗಳ ನಡುವಿನ ಒಂದೇ ದಾರಿಯಲ್ಲಿ ಹೋಗಿ ಒಂದೇ ಜಾಗದಲ್ಲಿ ಕುಳಿತು ಬರೆದರೆ, ಆ ಹನ್ನೆರಡು ಚಿತ್ರಗಳು ಹಿಮಾಲಯದ ಒಂದು ಪ್ರವಾಸಕ್ಕಿಂತ ಹೆಚ್ಚನ್ನು ಕಲಿಸಬಲ್ಲವು. ಶಾಲೆಯ ಚಿತ್ರಕಲಾ ಅವಧಿಯಲ್ಲಿ ಮಕ್ಕಳನ್ನು ಕಟ್ಟಡದ ಹೊರಗೆ ಕೂರಿಸಿ ಎದುರಿಗಿರುವುದನ್ನು ಬರೆಯಲು ಹೇಳುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದಲ್ಲಿ ಜನಜನಿತ. ಇಂದು ಈ ನೆಲದ ಹೊರಗೆ 'ಹಿಂದುಳಿದ ಪ್ರದೇಶ' ಎಂಬ ಫಲಕ ತೂಗುತ್ತಿದೆ. ನ್ಯಾಯವಾದ ಪಾಲು ದೊರೆಯುವವರೆಗೆ ಅದು ಇರಬೇಕಾಗಬಹುದು. ಒಳಗೆ ಮಕ್ಕಳಿಗೆ ಏನನ್ನು ಕಲಿಸುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ಆ ದಿನ ಶಾಲೆಯಿಂದ ಹೊರಡುವ ಮುನ್ನ ಶಿಕ್ಷಕರ ಒಪ್ಪಿಗೆ ಪಡೆದು ಆ ಹುಡುಗನಿಗೆ ಕಿಟಕಿಯಾಚೆಯ ಹೊಲವನ್ನು ಬರೆಯಲು ಹೇಳಿದೆ. ಕ್ರೇಯಾನಿನ ಡಬ್ಬಿಯನ್ನು ತಡಕಾಡಿ, 'ಎರಿ ಮಣ್ಣಿಗಿ ಯಾವ ಬಣ್ಣ ಹಚ್ಚಲಿ ಸರ್, ಇದ್ರಾಗ ಇಲ್ಲ' ಎಂದು ಕೇಳಿದ. ಕಪ್ಪಿಗೆ ಸ್ವಲ್ಪ ಕಂದು ಸೇರಿಸಿ ನೋಡೆಂದೆ. ಅದು ಸರಿಯಾದ ಉತ್ತರವಾಗಿರಲಿಲ್ಲ. ಸರಿಯಾದ ಉತ್ತರವನ್ನು ನಮ್ಮ ಚಿತ್ರಕಾರರೂ ಭಾಷಾಭ್ಯಾಸಿಗಳೂ ಕೂಡಿಯೇ ಹುಡುಕಬೇಕಾಗಿದೆ.